ಸೈಕಲ್ ಸವಾರರ ಸಾವು ಮತ್ತು ನಮ್ಮ ಸಮಾಧಾನಗಳು

ಪತ್ರಿಕೆಯ ಜಿಲ್ಲಾ ಪುಟದಲ್ಲಿ ಆ ಸುದ್ದಿಗೆ ಒಂದು ನಿಶ್ಚಿತ ಆಕಾರವಿದೆ. ‘ವಾಹನ ಡಿಕ್ಕಿ: ಸೈಕಲ್ ಸವಾರ ಸಾವು’ ಎಂಬ ಶೀರ್ಷಿಕೆ, ಅದರ ಕೆಳಗೆ ನಾಲ್ಕು ಸಾಲು. ಊರು, ಹೆಸರು, ವಯಸ್ಸು, ಠಾಣೆ. ಕೊನೆಗೆ ‘ಪ್ರಕರಣ ದಾಖಲಾಗಿದೆ’. ಮೂವತ್ತನಾಲ್ಕು ವರ್ಷ ಹೈಸ್ಕೂಲು ಮಕ್ಕಳಿಗೆ ಕನ್ನಡ ವ್ಯಾಕರಣ ಹೇಳಿಕೊಟ್ಟ ನನಗೆ ಆ ನಾಲ್ಕು ಸಾಲಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಕರ್ತೃವಿನ ಕೊರತೆ. ಡಿಕ್ಕಿ ಹೊಡೆದದ್ದು ವಾಹನ, ಅದನ್ನು ಓಡಿಸಿದವನಿಲ್ಲ. ಸತ್ತದ್ದು ಸವಾರ, ಆ ರಸ್ತೆಯ ನಕ್ಷೆ ಬರೆದವನು, ಅದಕ್ಕೆ ಮಂಜೂರಾತಿ ಕೊಟ್ಟವನು, ಅಳತೆ ನೋಡಿ ಬಿಲ್ಲು ಪಾಸು ಮಾಡಿದವನು ಯಾವ ವಾಕ್ಯದಲ್ಲೂ ಬರುವುದಿಲ್ಲ. ನನ್ನ ವಿದ್ಯಾರ್ಥಿಗಳು ಇಂತಹ ವಾಕ್ಯವನ್ನು ಬರೆದು ತಂದಿದ್ದರೆ ಪಕ್ಕದಲ್ಲಿ ಕೆಂಪು ಶಾಯಿಯಿಂದ ‘ಯಾರು?’ ಎಂದು ಬರೆದು ಹಿಂದಿರುಗಿಸುತ್ತಿದ್ದೆ. ಆ ಕೆಂಪು ಶಾಯಿ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು.

ಸೋಜಿಗವೆಂದರೆ ನಮ್ಮ ಶಬ್ದ ಸುಳ್ಳಾಡುವುದಿಲ್ಲ. ‘ಘಾತ’ ಎಂದರೆ ಹೊಡೆತ, ಕೊಲೆ. ವಿಶ್ವಾಸಘಾತ, ಆತ್ಮಘಾತ ಎಂದಾಗ ಅದು ಯಾರೋ ಮಾಡಿದ ಕೃತ್ಯವೆಂಬ ಅರ್ಥ ತಟ್ಟನೆ ಹೊಳೆಯುತ್ತದೆ. ‘ಅಪಘಾತ’ ಎಂದಾಗ ಮಾತ್ರ ಅದು ಸಿಡಿಲು, ಹಾವಿನ ಕಡಿತಗಳ ಸಾಲಿಗೆ ಸೇರಿಬಿಡುತ್ತದೆ. ಸಿಡಿಲು ಬಡಿದರೆ ಯಾರನ್ನು ಕೇಳುವುದು? ಹೀಗೆ ಕೇಳಬೇಕಾದ ಪ್ರಶ್ನೆಯನ್ನು ಕೇಳದೆಯೇ ದಿನ ಕಳೆಯಲು ಅನುಕೂಲವಾಗುವ ಹಲವು ಸಮಾಧಾನಗಳನ್ನು ನಾವು ರೂಢಿಸಿಕೊಂಡಿದ್ದೇವೆ. ನನ್ನ ತಕರಾರು ಆ ಸಮಾಧಾನಗಳ ಮೇಲೆ.

ಇದನ್ನು ಬರೆಯಲು ಒಂದು ಪ್ರಚೋದನೆಯೂ ಇದೆ. ಇತ್ತೀಚೆಗೆ ಬಂಧುಗಳ ಮನೆಯ ಮದುವೆಯಲ್ಲಿ, ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತಿದ್ದ ನಮ್ಮವನೇ ಆದ ಒಬ್ಬ ಎಂಜಿನಿಯರು ನನ್ನನ್ನು ಮೆಲ್ಲಗೆ ತರಾಟೆಗೆ ತೆಗೆದುಕೊಂಡ. “ಮಾವ, ಸತ್ತ ಮಗುವಿನ ಹೆಸರು ಹಿಡಿದುಕೊಂಡು ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದೀರಂತೆ. ಹೆತ್ತವರ ನೋವನ್ನು ಕೆದಕಿದಂತಲ್ಲವೇ? ದುಃಖ ಮನೆಯೊಳಗೆ ಇರಬೇಕಾದದ್ದು. ಅದನ್ನು ಬೀದಿಗೆ ತಂದರೆ ರಾಜಕೀಯವಾಗುತ್ತದೆ” ಎಂದ. ಅವನು ಸಜ್ಜನ; ನನ್ನ ಮೇಲಿನ ಅಕ್ಕರೆಯಿಂದಲೇ ಹೇಳಿದ್ದು. ಪಂಕ್ತಿಯಲ್ಲಿ ವಾದ ಬೇಡವೆಂದು ಸುಮ್ಮನಾದೆ. ಆ ಮಗು ಸತ್ತದ್ದು ಮನೆಯೊಳಗಲ್ಲ, ಬೀದಿಯಲ್ಲಿ, ಎಂಬ ಉತ್ತರ ಆಗಲೇ ನಾಲಗೆಯ ತುದಿಯಲ್ಲಿತ್ತು.

ಊರಿನವರಿಗೆ ಗೊತ್ತಿರುವ ಸಂಗತಿಯನ್ನು ದೂರದಲ್ಲಿರುವವರಿಗಾಗಿ ಸಂಕ್ಷೇಪವಾಗಿ ಹೇಳುತ್ತೇನೆ. 2016ರಲ್ಲಿ ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, ಸರ್ಕಾರ ಕೊಟ್ಟ ಸೈಕಲ್ಲಿನಲ್ಲಿ ಬರುತ್ತಿದ್ದವಳು, ನಾಲ್ಕು ಪಥವಾಗಿ ಅಗಲಗೊಂಡಿದ್ದ ಹೆದ್ದಾರಿಯನ್ನು ದಾಟುವಾಗ ಲಾರಿಯ ಕೆಳಗೆ ಸಿಕ್ಕಿದಳು. ಊರು ರಸ್ತೆಯ ಒಂದು ಮಗ್ಗುಲಲ್ಲಿ, ಶಾಲೆ ಇನ್ನೊಂದು ಮಗ್ಗುಲಲ್ಲಿ. ಕ್ರಮಬದ್ಧವಾಗಿ ದಾಟಬೇಕೆಂದರೆ ಒಂದೂವರೆ ಕಿಲೋಮೀಟರು ಆಚೆಗೆ ಹೋಗಿ, ಅಷ್ಟೇ ದೂರ ಹಿಂದಿರುಗಬೇಕು. ಆದ್ದರಿಂದ ಡಾಬಾದ ಎದುರು ಡಿವೈಡರಿನಲ್ಲಿದ್ದ ಬಿರುಕಿನಂತಹ ಸಂದಿಯಲ್ಲಿಯೇ ಎಲ್ಲರೂ ದಾಟುತ್ತಿದ್ದರು. ಹಾಲಿನವರು, ಕೂಲಿಗೆ ಹೋಗುವವರು, ನೂರಾರು ಮಕ್ಕಳು. ಅವಳ ತಂದೆಗೆ ಊರಿನಲ್ಲಿ ಹಿಟ್ಟಿನ ಗಿರಣಿ.

ಮುಂದೆ ನಡೆದದ್ದು ಇಂತಹ ಪ್ರತಿಯೊಂದು ಊರಿನಲ್ಲಿಯೂ ನಡೆಯುವುದೇ. ಅಂದು ಮಧ್ಯಾಹ್ನ ರಸ್ತೆ ತಡೆ. ಎರಡು ಗಂಟೆಗಳ ಕಾಲ ವಾಹನಗಳು ನಿಂತವು, ಅಧಿಕಾರಿಗಳು ಜೀಪಿನಲ್ಲಿ ಬಂದರು, ‘ಹಂಪ್ ಹಾಕಿಸುತ್ತೇವೆ’ ಎಂದರು, ಜನ ಚದುರಿದರು. ವಾರದೊಳಗೆ ಡಾಂಬರಿನ ಒಂದು ದಿಬ್ಬ ಎದ್ದಿತು. ಅದಕ್ಕೆ ಬಿಳಿ ಪಟ್ಟೆಯಿಲ್ಲ, ಮುನ್ಸೂಚನೆಯ ಫಲಕವಿಲ್ಲ, ದೀಪವಿಲ್ಲ. ರಾತ್ರಿ ಬೈಕಿನವರು ಅದರ ಮೇಲೆ ಹಾರಿ ಬಿದ್ದರು. ಆರು ತಿಂಗಳಲ್ಲಿ ಅದನ್ನು ಕೆತ್ತಿ ತೆಗೆದರು. 2018ರಲ್ಲಿ ಅದೇ ಸಂದಿಯಲ್ಲಿ ಹಾಲಿನ ಕ್ಯಾನುಗಳನ್ನು ತೂಗುಹಾಕಿಕೊಂಡು ಸೈಕಲ್ಲಿನಲ್ಲಿ ದಾಟುತ್ತಿದ್ದ ಅರವತ್ತು ದಾಟಿದ ಹಿರಿಯರೊಬ್ಬರು ಸತ್ತರು.

ಗಿರಣಿಯವರು ಮಗಳ ಹೆಸರಿನಲ್ಲಿ ಶಾಲೆಗೆ ಐದು ಸಾವಿರ ರೂಪಾಯಿಯ ದತ್ತಿ ಇಟ್ಟಿದ್ದರು, ಎಸ್.ಎಸ್.ಎಲ್.ಸಿ.ಯಲ್ಲಿ ಕನ್ನಡಕ್ಕೆ ಅತಿ ಹೆಚ್ಚು ಅಂಕ ತೆಗೆದ ಹುಡುಗಿಗೆ ಬಹುಮಾನ. ರಸೀದಿ ಬರೆದದ್ದು ನಾನು. ನಮ್ಮ ಶಾಲೆಗಳ ದತ್ತಿ ಪುಸ್ತಕಗಳನ್ನು ಎಂದಾದರೂ ತೆರೆದು ನೋಡಿ. ಅಕಾಲದಲ್ಲಿ ಹೋದ ಮಕ್ಕಳ ಹೆಸರುಗಳು ಅಲ್ಲಿ ಎಷ್ಟೊಂದು ಇರುತ್ತವೆ! ಆ ದತ್ತಿಗಳ ಹಿಂದಿನ ಮನಸ್ಸಿಗೆ ನಾನು ಕೈಮುಗಿಯುತ್ತೇನೆ. ಆದರೆ ಒಂದು ಮಾತು ಹೇಳಲೇಬೇಕು: ದತ್ತಿ ರಸ್ತೆಯಿಂದ ಏನನ್ನೂ ಕೇಳುವುದಿಲ್ಲ. ಹನ್ನೊಂದನೆಯ ದಿನದ ಕರ್ಮವೂ ಕೇಳುವುದಿಲ್ಲ, ವೈಕುಂಠ ಸಮಾರಾಧನೆಯೂ ಕೇಳುವುದಿಲ್ಲ, ‘ಹಣೆಯಲ್ಲಿ ಬರೆದದ್ದು’ ಎಂಬ ಮಾತಂತೂ ಕೇಳುವುದೇ ಇಲ್ಲ. ಇವೆಲ್ಲ ಬದುಕಿರುವವರನ್ನು ಬದುಕಿಸಲು ಇರುವಂತಹವು. ಅಷ್ಟು ಕೆಲಸವನ್ನು ಅವು ಮಾಡುತ್ತವೆ. ಮರುದಿನ ಬೆಳಿಗ್ಗೆ ಅದೇ ಸಂದಿಯಲ್ಲಿ ಸೈಕಲ್ ತಳ್ಳಿಕೊಂಡು ನಿಲ್ಲುವ ಮಗುವಿಗೆ ಇವುಗಳಿಂದ ಏನು ಸಿಕ್ಕಿತು?

ಶೋಕವನ್ನು ಬೇರೆ ರೀತಿಯಲ್ಲಿ ಬಳಸಿದವರಿದ್ದಾರೆ. ಆ ಕಥೆಯನ್ನು ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ನೆದರ್ಲೆಂಡ್ಸ್ ಎಂದೊಡನೆ ಹೂವಿನ ತೋಟ, ಗಾಳಿಗಿರಣಿ, ಸೈಕಲ್ಲುಗಳು ಕಣ್ಣಿಗೆ ಬಂದು, ಆ ದೇಶ ಹುಟ್ಟಿನಿಂದಲೇ ಹಾಗಿತ್ತೆಂದು ನಾವು ನಂಬಿಬಿಡುತ್ತೇವೆ. ಹಾಗಿರಲಿಲ್ಲ. ಎರಡನೆಯ ಮಹಾಯುದ್ಧದ ನಂತರ ಅಲ್ಲಿಯೂ ಕೈಯಲ್ಲಿ ಹಣ ಆಡಿತು, ಕಾರುಗಳು ಹೆಚ್ಚಿದವು, ಕಾರಿಗೆ ದಾರಿ ಮಾಡಿಕೊಡಲು ಬೀದಿಗಳನ್ನು ಅಗಲಿಸಿದರು, ಸೈಕಲ್ ಸವಾರಿ ವರ್ಷದಿಂದ ವರ್ಷಕ್ಕೆ ಇಳಿಯಿತು. 1971ರ ಒಂದೇ ವರ್ಷದಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು.

ಆ ಮಕ್ಕಳಲ್ಲಿ ಒಬ್ಬಳು ವಿಕ್ ಲಾಂಗೆನ್‌ಹಾಫ್ ಎಂಬ ಪತ್ರಕರ್ತನ ಆರು ವರ್ಷದ ಮಗಳು. ಸೈಕಲ್ಲಿನಲ್ಲಿ ಶಾಲೆಗೆ ಹೋಗುತ್ತಿದ್ದವಳು. ತಂದೆ ಸುಮ್ಮನಿರಲಿಲ್ಲ, ಚರಮಗೀತೆಯನ್ನೂ ಬರೆಯಲಿಲ್ಲ. 1972ರ ಸೆಪ್ಟೆಂಬರಿನಲ್ಲಿ ತಾನು ಕೆಲಸ ಮಾಡುತ್ತಿದ್ದ ‘ಡೆ ಟೈಟ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದ. ಅದರ ಶೀರ್ಷಿಕೆಯ ಅರ್ಥ ‘ಮಕ್ಕಳ ಕೊಲೆ ನಿಲ್ಲಿಸಿ’. ಅಲ್ಲಿ ಅವನು ಬಳಸಿದ ‘ಕಿಂಡರ್‌ಮೋರ್ಡ್’ ಎಂಬ ಪದ ಡಚ್ಚರಿಗೆ ಬೈಬಲ್ಲಿನ ಹೆರೋದನನ್ನು ನೆನಪಿಸುವಂತಹದು. ಬೆತ್ಲೆಹೇಮಿನ ಹಸುಳೆಗಳನ್ನು ಕೊಲ್ಲಿಸಿದ ಅರಸನ ಪ್ರಸಂಗಕ್ಕೆ ಅವರ ಭಾಷೆಯಲ್ಲಿ ಇರುವುದು ಅದೇ ಪದ. ನಮ್ಮಲ್ಲಿ ಒಬ್ಬ ತಂದೆ ‘ಕಂಸ’ ಎಂಬ ಪದವನ್ನು ಲೋಕೋಪಯೋಗಿ ಇಲಾಖೆಗೆ ಬಳಸಿದಂತೆ. ಕರ್ತೃವಿಲ್ಲದ ವಾಕ್ಯಕ್ಕೆ ಅವನು ಕರ್ತೃವನ್ನು ತಂದು ಕೂರಿಸಿದ.

ಆ ಲೇಖನವನ್ನು ಓದಿದವರಲ್ಲಿ ಮಾರ್ತ್ಯೆ ವಾನ್ ಪುಟೆನ್ ಎಂಬ ತರುಣಿ ತಾಯಿಯೊಬ್ಬಳಿದ್ದಳು. ಲೇಖನದ ಹೆಸರಿನಲ್ಲಿಯೇ ಹುಟ್ಟಿದ ಸಂಘಟನೆಗೆ ಅವಳು ಮೊದಲ ಅಧ್ಯಕ್ಷೆಯಾದಳು. ಮುಂದೆ ಯುರೋಪಿನ ಸಂಸತ್ತಿಗೂ ಹೋದಳು. ಅವರು ಮಾಡಿದ ಕೆಲಸಗಳನ್ನು ಗಮನಿಸಿ. ಸಾವು ಸಂಭವಿಸಿದ ಸ್ಥಳಗಳಲ್ಲಿ ಸೈಕಲ್ಲುಗಳೊಡನೆ ಸೇರಿ ರಸ್ತೆಯನ್ನು ಆಕ್ರಮಿಸಿದರು. ಬೀದಿಗಳನ್ನು ಕೆಲವು ಗಂಟೆ ಮುಚ್ಚಿ ಮಕ್ಕಳನ್ನು ಆಡಲು ಬಿಟ್ಟರು. ಪ್ರಧಾನಿ ಯೋಪ್ ಡೆನ್ ಔಯ್ಲ್ ಅವರ ಮನೆಗೆ ಸೈಕಲ್ಲುಗಳಲ್ಲಿ ಹೋಗಿ, ಬಾಗಿಲ ಮುಂದೆ ಹಾಡಿ, ಮಕ್ಕಳಿಗೆ ಸುರಕ್ಷಿತ ಬೀದಿ ಕೊಡಿ ಎಂದು ಕೇಳಿದರು. 1973ರ ತೈಲ ಬಿಕ್ಕಟ್ಟಿನಲ್ಲಿ ಸರ್ಕಾರ ಕಾರಿಲ್ಲದ ಭಾನುವಾರಗಳನ್ನು ಘೋಷಿಸಿದಾಗ, ಕಾರಿಲ್ಲದ ಬೀದಿ ಹೇಗಿರುತ್ತದೆಂದು ಜನ ಕಣ್ಣಾರೆ ಕಂಡರು. ಕಾರುಗಳು ನಡಿಗೆಯ ವೇಗದಲ್ಲಷ್ಟೇ ಸಾಗಬೇಕಾದ ವಾಸದ ಬೀದಿಗಳ ಪ್ರಯೋಗ ಡೆಲ್ಫ್ಟ್ ನಗರದಲ್ಲಿ ಮೊದಲಾಗಿತ್ತು. 1976ರಲ್ಲಿ ಅದಕ್ಕೆ ಕಾನೂನಿನ ಮಾನ್ಯತೆ ಸಿಕ್ಕಿತು. ಹೇಗ್ ಮತ್ತು ಟಿಲ್ಬರ್ಗ್ ನಗರಗಳಲ್ಲಿ ಸರ್ಕಾರದ ಹಣದಿಂದ ಮಾದರಿ ಸೈಕಲ್ ಪಥಗಳನ್ನು ನಿರ್ಮಿಸಿದರು.

ಇನ್ನೂ ಒಂದು ಸಂಗತಿ ಇದೆ. ಇಂದಿನ ಡಚ್ ಕಾನೂನಿನಂತೆ 14 ವರ್ಷದೊಳಗಿನ ಮಗುವಿಗೆ ಮೋಟಾರು ವಾಹನ ಡಿಕ್ಕಿ ಹೊಡೆದರೆ, ಪರಿಹಾರದ ಹೊಣೆ ವಾಹನದ ಕಡೆಯದು. ‘ಮಗು ಅಡ್ಡ ಬಂತು’ ಎಂಬ ಸಮಜಾಯಿಷಿ ಅಲ್ಲಿ ನಡೆಯುವುದಿಲ್ಲ. ಮಗು ಎಂದರೆ ಅಡ್ಡ ಬರುವಂತಹದೇ. ಆದ್ದರಿಂದ ಎಚ್ಚರಿಕೆ ದೊಡ್ಡವರದು, ರಸ್ತೆಯದು. ನಮ್ಮ ಊರಿನಲ್ಲಿ ಆ ಹುಡುಗಿಯ ಬಗ್ಗೆ ನಾನು ಮೊದಲು ಕೇಳಿದ ವಾಕ್ಯವೇ ‘ಅಡ್ಡ ಬಂದಳಂತೆ’ ಎಂಬುದು.

‘ಅವರದು ಸಪಾಟು ದೇಶ, ಶ್ರೀಮಂತ ದೇಶ’ ಎನ್ನುವವರಿದ್ದಾರೆ. ರಾಯಚೂರು, ಮಂಡ್ಯಗಳೇನು ಹಿಮಾಲಯದ ಮೇಲಿವೆಯೇ? ಹಣದ ಮಾತಾದರೆ, ಮೇಲ್ಸೇತುವೆಗೆ ಸಿಗುವ ಹಣ ಸೈಕಲ್ ಪಥಕ್ಕೆ ಮಾತ್ರ ಸಿಗದಿರುವುದು ಬಡತನದಿಂದಲ್ಲ. ತಿಳಿವಳಿಕೆಯ ಕೊರತೆಯೂ ಅಲ್ಲ. ಸೈಕಲ್ ಪಥಗಳನ್ನು ಹೇಗೆ ವಿನ್ಯಾಸ ಮಾಡಬೇಕೆಂಬ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಸಂಹಿತೆ 1962ರದು. 2015ರಲ್ಲಿ ಅದನ್ನು ಪರಿಷ್ಕರಿಸಿದ್ದಾರೆ. ಅರವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಪುಸ್ತಕ ಕಪಾಟಿನಲ್ಲಿದೆ, ಮಕ್ಕಳು ಲಾರಿಯ ಪಕ್ಕದಲ್ಲಿದ್ದಾರೆ. ಮದುವೆಯಲ್ಲಿ ನನ್ನ ಪಕ್ಕ ಕುಳಿತಿದ್ದ ಎಂಜಿನಿಯರಿಗೆ ಈ ಪುಸ್ತಕ ನನಗಿಂತ ಚೆನ್ನಾಗಿ ಗೊತ್ತು.

ನಾನು ಹಾಲೆಂಡನ್ನು ಸ್ವರ್ಗವೆಂದು ಹೊಗಳುತ್ತಿಲ್ಲ. 2023ರಲ್ಲಿಯೂ ಅಲ್ಲಿ ರಸ್ತೆಗಳಲ್ಲಿ 684 ಮಂದಿ ಸತ್ತರು. ಅವರಲ್ಲಿ 270 ಮಂದಿ ಸೈಕಲ್ ಸವಾರರು, ಬಹಳಷ್ಟು ಜನ ವೃದ್ಧರು. ಆದರೆ ಮೂರು ಸಾವಿರ ಎಲ್ಲಿ, 684 ಎಲ್ಲಿ! ನಮ್ಮಲ್ಲಿ 2022ರಲ್ಲಿ ರಸ್ತೆಗಳಲ್ಲಿ ಸತ್ತವರು 1,68,491. ಕರ್ನಾಟಕವೊಂದರಲ್ಲಿಯೇ ಹನ್ನೊಂದು ಸಾವಿರಕ್ಕೂ ಹೆಚ್ಚು. ದೇಶದಲ್ಲಿ ಸತ್ತ ಸೈಕಲ್ ಸವಾರರು ನಾಲ್ಕು ಸಾವಿರಕ್ಕೂ ಮಿಕ್ಕಿ.

ನಮ್ಮ ದೇಶದಲ್ಲಿ ಶೋಕವನ್ನು ಕೆಲಸಕ್ಕೆ ಹಚ್ಚಿದವರೇ ಇಲ್ಲವೆಂದಲ್ಲ. 2007ರಲ್ಲಿ ದೆಹಲಿಯಲ್ಲಿ ವಾಹನ ಡಿಕ್ಕಿಯಾಗಿ ಬಿದ್ದ ಹುಡುಗನೊಬ್ಬ ಯಾರ ನೆರವೂ ಸಿಗದೆ ರಸ್ತೆಬದಿಯಲ್ಲಿ ಪ್ರಾಣ ಬಿಟ್ಟ. ಅವನ ಬಂಧು ಪೀಯೂಷ್ ತಿವಾರಿ 2008ರಲ್ಲಿ ಸೇವ್‌ಲೈಫ್ ಫೌಂಡೇಶನ್ ಕಟ್ಟಿದರು, ಸರ್ವೋಚ್ಚ ನ್ಯಾಯಾಲಯದ ಕದ ತಟ್ಟಿದರು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರಿಗೆ ಪೊಲೀಸರಿಂದ ಕಿರುಕುಳವಾಗದಂತೆ 2016ರಲ್ಲಿ ತೀರ್ಪು ಬಂತು, 2019ರ ತಿದ್ದುಪಡಿಯಲ್ಲಿ ಅದು ಮೋಟಾರು ವಾಹನ ಕಾಯಿದೆಯ ಭಾಗವೂ ಆಯಿತು. ನಮ್ಮ ರಾಜ್ಯದಲ್ಲಿ 2016ರಲ್ಲಿ, ಲಾರಿಯಡಿ ಸಿಕ್ಕಿ ಪ್ರಾಣ ಹೋಗುತ್ತಿರುವಾಗಲೂ ಅಂಗದಾನದ ಮಾತಾಡಿದ ತರುಣ ಹರೀಶನ ಹೆಸರಿನಲ್ಲಿ, ಗಾಯಾಳುಗಳಿಗೆ ಮೊದಲ 48 ಗಂಟೆಗಳ ಉಚಿತ ಚಿಕಿತ್ಸೆಯ ಯೋಜನೆ ಬಂತು. ವಾಹನ ಗುದ್ದಿ ಓಡಿಹೋದ ಪ್ರಕರಣಗಳಲ್ಲಿ ಸತ್ತವರ ಕುಟುಂಬಕ್ಕೆ ಸಿಗುವ ಪರಿಹಾರ 25 ಸಾವಿರದಿಂದ ಎರಡು ಲಕ್ಷಕ್ಕೆ ಏರಿತು, 2022ರಲ್ಲಿ.

ಇವೆಲ್ಲವೂ ಬೇಕು. ಆದರೆ ಇವೆಲ್ಲವೂ ಗುದ್ದಿದ ಮೇಲಿನವು. ನಮ್ಮ ಶೋಕ ಆಂಬುಲೆನ್ಸಿನವರೆಗೆ ಬಂದು ನಿಂತಿದೆ. ರಸ್ತೆಯ ನಕ್ಷೆಯ ತನಕ ಹೋಗಿದ್ದು ಕಡಿಮೆ. ಅದೇ ಸೇವ್‌ಲೈಫ್ ಸಂಸ್ಥೆ ಮುಂಬಯಿ–ಪುಣೆ ಎಕ್ಸ್‌ಪ್ರೆಸ್ ಮಾರ್ಗದಲ್ಲಿ ರಸ್ತೆಯ ದೋಷಗಳನ್ನು ಒಂದೊಂದಾಗಿ ಎಣಿಸಿ ಸರಿಪಡಿಸುವ ಕೆಲಸಕ್ಕೆ ಇಳಿದದ್ದರಿಂದಲೇ ನನಗೆ ಅದರ ಮೇಲೆ ಹೆಚ್ಚು ಗೌರವ.

ಇನ್ನು, ಎಲ್ಲದಕ್ಕೂ ಮಕ್ಕಳಿಗೆ ಬುದ್ಧಿ ಹೇಳಿ ಎನ್ನುವವರು. ರಸ್ತೆ ಸುರಕ್ಷತಾ ಸಪ್ತಾಹ ಬಂತೆಂದರೆ ಪ್ರಬಂಧ ಸ್ಪರ್ಧೆ, ಭಿತ್ತಿಚಿತ್ರ, ಜಾಥಾ, ಪ್ರಮಾಣವಚನ. ಈಗ ಸಪ್ತಾಹ ಬೆಳೆದು ಮಾಸಾಚರಣೆಯಾಗಿದೆ. ಸಾಯುವವರಿಗೆ ಭಾಷಣ, ಕೊಲ್ಲುವ ರಸ್ತೆಗೆ ಉದ್ಘಾಟನೆ! ನಮ್ಮ ಶಾಲೆಯ ವಿಜ್ಞಾನದ ಮೇಷ್ಟರು ಕರಿಹಲಗೆಯ ಮೇಲೆ ಬರೆಯುತ್ತಿದ್ದ ಸೂತ್ರ ನಿಮಗೆ ನೆನಪಿರಬೇಕು: ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಮಡಿ. ಗಂಟೆಗೆ 60 ಕಿಲೋಮೀಟರು ವೇಗದ ಲಾರಿ ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರು ಮುಂದೆ ಬಂದಿರುತ್ತದೆ. ಚಾಲಕನ ಕಾಲು ಇನ್ನೂ ಬ್ರೇಕಿನ ಮೇಲೆ ಬಿದ್ದಿರುವುದಿಲ್ಲ. ಹದಿನಾಲ್ಕು ವರ್ಷದ ಹುಡುಗಿಯ ಜಾಣತನ ಈ ಲೆಕ್ಕವನ್ನು ಬದಲಿಸಲಾರದು. ಬದಲಿಸಬಲ್ಲದ್ದು ವೇಗದ ಮಿತಿ, ಅಂಡರ್‌ಪಾಸ್, ಸರ್ವಿಸ್ ರಸ್ತೆ.

ಸೈಕಲ್ ಈಗ ಯಾರು ತುಳಿಯುತ್ತಾರೆ ಎಂದು ಕೇಳುವವರ ಮನೆಯ ಮುಂದೆ ಕಾರು ನಿಂತಿರುತ್ತದೆ. 2011ರ ಜನಗಣತಿಯಲ್ಲಿ ದೇಶದ ನೂರು ಮನೆಗಳಲ್ಲಿ ಸುಮಾರು 45ರಲ್ಲಿ ಸೈಕಲ್ ಇತ್ತು. ನಮ್ಮ ರಾಜ್ಯ ಸರ್ಕಾರವೇ 2006–07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಹಂಚಿತು; ಕೊರೋನಾ ಕಾಲದಲ್ಲಿ ಆ ಹಂಚಿಕೆ ನಿಂತಿತು. ಶಾಲೆ ಬಿಡುತ್ತಿದ್ದ ಹುಡುಗಿಯರು ಆ ಸೈಕಲ್ಲುಗಳ ದೆಸೆಯಿಂದ ಹತ್ತನೆಯ ತರಗತಿ ಮುಗಿಸಿದ್ದನ್ನು ನಾನು ಕಂಡಿದ್ದೇನೆ. ಅಷ್ಟು ಒಳ್ಳೆಯ ಯೋಜನೆಯನ್ನು ನನ್ನ ಸೇವಾವಧಿಯಲ್ಲಿ ಮತ್ತೊಂದು ಕಾಣೆ. ಆದರೆ ಚಕ್ರ ಕೊಟ್ಟ ಸರ್ಕಾರ ದಾರಿ ಕೊಡಲಿಲ್ಲ. ಬೆಂಗಳೂರಿನಲ್ಲಿರುವ ನನ್ನ ಮೊಮ್ಮಗ ಭಾನುವಾರದ ಬೆಳಿಗ್ಗೆ ಹೆಲ್ಮೆಟ್ ಧರಿಸಿ ನಂದಿ ಬೆಟ್ಟಕ್ಕೆ ಸೈಕಲ್ ಹೊಡೆಯುತ್ತಾನೆ. ಅವನ ಗೆಳೆಯರ ಬಳಗಕ್ಕೆ ಇಂಗ್ಲಿಷ್ ಪತ್ರಿಕೆಗಳಲ್ಲಿ ಜಾಗ ಸಿಗುತ್ತದೆ, ಸಿಗಲಿ. ಹಾಲಿನವನಿಗೆ, ಗಾರೆಯವನಿಗೆ ಸಿಗುವುದು ನಾಲ್ಕು ಸಾಲು.

2018ರ ಸಾವಿನ ನಂತರ ಗಿರಣಿಯವರೂ ನಾನೂ ಸೇರಿ ಸಂಬಂಧಪಟ್ಟ ಕಚೇರಿಗೆ ಅರ್ಜಿ ಕೊಟ್ಟೆವು. ಮರುವರ್ಷ ಬಂದ ಉತ್ತರ ಒಂದೇ ಸಾಲಿನದು: ‘ಸದರಿ ಸ್ಥಳವು ಕಪ್ಪು ಚುಕ್ಕೆಗಳ ಪಟ್ಟಿಯಲ್ಲಿ ಇರುವುದಿಲ್ಲ’. ಕಪ್ಪು ಚುಕ್ಕೆ ಎಂದರೇನೆಂದು ಹುಡುಕಿ ಓದಿದೆ. ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರು ಉದ್ದದಲ್ಲಿ, ಮೂರು ವರ್ಷಗಳಲ್ಲಿ, ಸಾವು ಅಥವಾ ತೀವ್ರ ಗಾಯವಾದ ಐದು ಅಪಘಾತಗಳಾದರೂ ಆಗಿರಬೇಕು, ಇಲ್ಲವೇ ಹತ್ತು ಮಂದಿ ಸತ್ತಿರಬೇಕು. ಸರ್ಕಾರಿ ಭಾಷೆಯನ್ನು ಜೀವಮಾನವಿಡೀ ಓದಿದವನು ನಾನು. ಇಷ್ಟು ನಿರ್ದಯವಾದ ವಾಕ್ಯವನ್ನು ಓದಿದ ನೆನಪಿಲ್ಲ. ನಮ್ಮ ಊರಿನ ಎರಡು ಸಾವುಗಳಿಗೆ ಅರ್ಹತಾ ಅಂಕ ಬಂದಿಲ್ಲವೆಂದು ಅದರ ತಾತ್ಪರ್ಯ. ಗಿರಣಿಯವರು ಆ ಪತ್ರವನ್ನು ಎರಡು ಸಲ ಓದಿ, “ಸಾರ್, ಹಾಗಾದರೆ ಇನ್ನೂ ಎಷ್ಟು ಜನ ಬೇಕಂತೆ?” ಎಂದು ಕೇಳಿದರು. ನೋವು ಕೆದಕುವುದು ಎಂದರೆ ಯಾವುದು, ಅವರ ಪ್ರಶ್ನೆಯೋ, ಆ ಉತ್ತರವೋ, ನಮ್ಮ ಎಂಜಿನಿಯರು ಯೋಚಿಸಲಿ.

ರಾಜಕೀಯವೆಂಬ ಆಕ್ಷೇಪಣೆಗೂ ಇಲ್ಲಿಯೇ ಉತ್ತರವಿದೆ. ಯಾವ ಊರಿಗೆ ಅಂಡರ್‌ಪಾಸ್, ಯಾವ ಊರಿಗೆ ಸಂದಿ ಎಂದು ತೀರ್ಮಾನಿಸುವುದೇ ರಾಜಕೀಯ. ಅದು ನಮ್ಮನ್ನು ಕೇಳದೆ ಎಂದೋ ನಡೆದುಹೋಗಿದೆ. ಹೆತ್ತವರು ಬಾಯಿ ತೆರೆದಾಗ ಮಾತ್ರ ಅದು ರಾಜಕೀಯವಾಗುವುದೇ? ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥದಿಂದ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರು, ಸೈಕಲ್ಲುಗಳನ್ನು ಹೊರಗಿಟ್ಟರು. ವೇಗದ ದೃಷ್ಟಿಯಿಂದ ಅದು ಸರಿಯಿರಬಹುದು. ಹೊರಗಿಟ್ಟವರಿಗೆ ಕೊಟ್ಟ ಸರ್ವಿಸ್ ರಸ್ತೆ ಅಷ್ಟೇ ಶ್ರದ್ಧೆಯಿಂದ ಕಟ್ಟಿದ್ದೇ ಎಂದು ಕೇಳುವ ಹಕ್ಕು ಪ್ರತಿಯೊಬ್ಬ ಸೈಕಲ್ ಸವಾರನಿಗೂ ಇದೆ.

ಕೇಳುವುದಕ್ಕೆ ಈಗ ಆಧಾರಗಳೂ ಇವೆ. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯಿದೆಗೆ ಸೇರಿದ 198ಎ ಕಲಮು, ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಗಳು ನಿಗದಿತ ಮಾನಕದಂತೆ ಇಲ್ಲದೆ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ ಹೊಣೆಗಾರ ಪ್ರಾಧಿಕಾರಕ್ಕೆ, ಗುತ್ತಿಗೆದಾರನಿಗೆ, ಸಲಹೆಗಾರನಿಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸುತ್ತದೆ. ಮೊತ್ತ ಜುಜುಬಿ, ಆದರೆ ಆ ನಾಲ್ಕು ಸಾಲಿನ ಸುದ್ದಿಯಲ್ಲಿ ಕಾಣದ ಕರ್ತೃ ಈ ಕಲಮಿನಲ್ಲಿ ಕಾಣುತ್ತಾನೆ. ಕೊಯಮತ್ತೂರಿನ ಮೂಳೆ ಶಸ್ತ್ರವೈದ್ಯ ಎಸ್. ರಾಜಶೇಖರನ್ 2012ರಲ್ಲಿ ಹೂಡಿದ ಸಾರ್ವಜನಿಕ ಹಿತಾಸಕ್ತಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2025ರ ಅಕ್ಟೋಬರ್ 7ರಂದು, ಪಾದಚಾರಿಗಳ ಮತ್ತು ಯಂತ್ರರಹಿತ ವಾಹನಗಳ ಸುರಕ್ಷತೆಗಾಗಿ ಆರು ತಿಂಗಳೊಳಗೆ ನಿಯಮಗಳನ್ನು ರಚಿಸಬೇಕೆಂದು ರಾಜ್ಯಗಳಿಗೆ ನಿರ್ದೇಶನ ನೀಡಿತು. ಯಂತ್ರರಹಿತ ವಾಹನ ಎಂದರೆ ನಮ್ಮ ಹುಡುಗಿಯ ಸೈಕಲ್.

ಗಿರಣಿಯವರು ಹೊಸ ಅರ್ಜಿಗೆ ಒಪ್ಪಿದ್ದಾರೆ. ಈ ಸಲ ಹಂಪ್ ಕೇಳುವುದಿಲ್ಲ. ಶಾಲೆಯ ಎದುರು ಸೈಕಲ್ಲಿನಿಂದ ಇಳಿಯದೆಯೇ ಹೋಗಬಹುದಾದ ಇಳಿಜಾರಿನ ಅಂಡರ್‌ಪಾಸ್, ಅದು ಮುಗಿಯುವತನಕ ಶಾಲೆಯ ವೇಳೆಯಲ್ಲಿ ಕಾವಲಿರುವ ದಾಟು, ಎರಡೂ ಮಗ್ಗುಲಿನ ಸರ್ವಿಸ್ ರಸ್ತೆಯ ಅಂಚಿನಲ್ಲಿ ಸಂಹಿತೆಯಂತೆ ಸೈಕಲ್ ಪಥ, ಇಷ್ಟನ್ನು ಅಳತೆ ಸಮೇತ ಕೇಳುತ್ತೇವೆ. ಹಾಲಿನವರ ಮಗನೂ ಸಹಿ ಹಾಕುತ್ತಾನೆ.

ನಿಮ್ಮಲ್ಲಿ ಲೋಕೋಪಯೋಗಿ ಇಲಾಖೆಯಲ್ಲಿರುವವರು, ನಿವೃತ್ತರಾದವರು, ಸಿವಿಲ್ ಓದಿದವರು ಕಡಿಮೆಯೆಂದರೂ ಹತ್ತು ಹನ್ನೆರಡು ಮಂದಿ ಇದ್ದೀರಿ. ನನಗೆ ನಕ್ಷೆ ಬರೆಯಲು ಬಾರದು. ದಸರಾ ರಜೆಗೆ ಊರಿಗೆ ಬರುವವರು ಟೇಪು ತನ್ನಿ. ಬೆಳಿಗ್ಗೆ ಒಂಬತ್ತಕ್ಕೆ ಶಾಲೆಯ ಗೇಟಿನ ಬಳಿ ಇರುತ್ತೇನೆ. ಮಕ್ಕಳು ದಾಟುವ ಎಣಿಕೆಯನ್ನು ಮೂರು ದಿನ ಬರೆದಿಟ್ಟಿದ್ದೇನೆ, ರಸ್ತೆಯ ಅಗಲ ಮಾತ್ರ ಒಬ್ಬನೇ ಅಳೆಯಲು ಆಗಲಿಲ್ಲ.